ಕಣಜದೊಳಗಿನ ಅತ್ತೆಗೂ ಕಂದಾಯ

ಗುಡಿಸಲು ಎಣಿಸುವ ಜಿಲ್ಲಾಧಿಕಾರಿಗಳೇ,

ನಮ್ಮ ಜೋಳದ ಕಣಜವನ್ನು ತಾವು ಮನೆ ಎಂದು ಬರೆಸಿಕೊಂಡು, ಅದರ ಕಂದಾಯಕ್ಕಾಗಿ ನಮ್ಮ ಕೆಂದ ಹಸುವನ್ನು ಎಳೆದೊಯ್ದಿದ್ದೀರಿ. ಆ ಹಸು ನನ್ನ ತಮ್ಮ ಒವಿಟಿಯ ಮದುವೆಗೆ ವಧುದಕ್ಷಿಣೆಯಾಗಿ ಹೆಣ್ಣಿನ ಮನೆಗೆ ಹೋಗಬೇಕಾಗಿದ್ದದ್ದು. ಹೆಣ್ಣಿನ ತಂದೆ ಸುಗ್ಗಿಯವರೆಗೆ ಮಾತ್ರ ಕಾಯುತ್ತಾನಂತೆ. ಆಮೇಲೆ ಆ ಹೆಣ್ಣನ್ನು ಮಾಡಿಕೊಳ್ಳಲು ಸರೋವರದ ಆಚೆ ದಡದ ಮೀನುಗಾರನೊಬ್ಬ ಹಸುಗಳನ್ನು ಹಿಡಿದು ತಯಾರಾಗಿ ನಿಂತಿದ್ದಾನೆ. ನನ್ನ ತಮ್ಮನಿಗೆ ಈಗ ಊಟ ಸೇರುತ್ತಿಲ್ಲ.

ನಡೆದದ್ದಿಷ್ಟು. ಹೆಂಡತಿ ಅವಿನೊ ಹೆತ್ತಳು, ಬಾಣಂತನಕ್ಕೆ ಅತ್ತೆ ಬಂದರು. ಅಳಿಯ ಮಲಗುವ ಸೂರಿನಡಿ ಅತ್ತೆ ಮಲಗುವಂತಿಲ್ಲ. ಇದು ತಮ್ಮ ಕಾನೂನಿಗಿಂತ ಹಳೆಯದು. ನಮಗಿರುವುದು ಮೂರೇ ಗುಡಿಸಲು. ಒಂದರಲ್ಲಿ ನಾನು, ಅವಿನೊ. ಇನ್ನೊಂದರಲ್ಲಿ ನನ್ನ ತಮ್ಮ. ಮೂರನೆಯದರಲ್ಲಿ ನನ್ನ ತಾಯಿ. ಬೀಗಿತ್ತಿಯರಿಬ್ಬರನ್ನು ಒಂದೇ ಚಾಪೆಯ ಮೇಲೆ ಮಲಗಿಸಿದ ಧೀರ ತಮ್ಮ ದೇಶದಲ್ಲಾದರೂ ಹುಟ್ಟಿದ್ದಾನೆಯೇ? ಹೊಸ ಗುಡಿಸಲು ಕಟ್ಟೋಣವೆಂದರೆ ಅದಕ್ಕೂ ಕಂದಾಯ. ಆಗ ಅತ್ತೆಯೇ ಹೇಳಿದರು, "ಅವಿನೊ, ಆ ಕಣಜ ಖಾಲಿ ಬಿದ್ದಿದೆಯಲ್ಲೇ? ನಾಲ್ಕು ದಿನ ಅದರೊಳಗೇ ಬಿದ್ಕೋತೀನಿ ಬಿಡು." ಕಡ್ಡಿ ಹೆಣೆದು, ಕಲ್ಲಿನ ಮೇಲೆ ಕೂರಿಸಿ, ಹುಲ್ಲಿನ ಮುಚ್ಚಳ ಹಾಕಿದ ಕಣಜವದು. ಏಣಿ ಇಟ್ಟೆ, ಹತ್ತಿದರು.

ಮೂರನೇ ದಿನ ಬೆಳಿಗ್ಗೆ ತಮ್ಮ ಕಚೇರಿಯ ಗಣತಿ ಗುಮಾಸ್ತ ಬಂದ. ಮೂರು ಗುಡಿಸಲು ಎಣಿಸಿ ಹೊರಡುವವನಿದ್ದ. ಅಷ್ಟರಲ್ಲಿ ಕಣಜದ ಮುಚ್ಚಳ ಮೇಲೆದ್ದಿತು, ಅದರಡಿಯಿಂದ ಅತ್ತೆಯ ತಲೆಯೂ ಎದ್ದಿತು.

"ಯಾವನೋ ಅವ್ನು, ಬೆಳಬೆಳಿಗ್ಗೆ ಒಂದು, ಎರಡು, ಮೂರು ಅಂತ ಬಡಕೊಳ್ಳೋನು? ಮಗು ಈಗ ತಾನೇ ಮಲಗಿದೆ!"

ಗುಮಾಸ್ತನ ಪೆನ್ಸಿಲ್ ಕೆಳಗೆ ಬಿತ್ತು. ಸುಧಾರಿಸಿಕೊಂಡು, "ಒಳಗೆ ಮನುಷ್ಯರಿದ್ರೆ ಅದು ಮನೆ. ನಾಲ್ಕು!" ಎಂದು ಬರೆದೇಬಿಟ್ಟ.

"ಅಯ್ಯಾ, ನಿನ್ನ ಟೋಪಿಯೊಳಗೆ ಕೋಳಿ ಕೂತ್ರೆ ಅದೇನು ಕೋಳಿಗೂಡಾಗುತ್ತಾ?" ಎಂದೆ.

"ಏನಿದ್ರೂ ನಿಮ್ಮ ಪ್ರತಿನಿಧಿಗೆ ಹೇಳ್ಕೊಳ್ಳಿ," ಎಂದು ಹೊರಟುಹೋದ.

ನಮಗೊಬ್ಬ ಪ್ರತಿನಿಧಿ ಇದ್ದಾನೆಂಬ ಶುಭವಾರ್ತೆ ನನಗೆ ತಿಳಿದದ್ದೇ ಅಂದು! ವಿಚಾರಿಸಿದರೆ, ನೈರೋಬಿಯ ಶಾಸನ ಸಭೆಯಲ್ಲಿ ನಮ್ಮ ಪರವಾಗಿ ಕೂರುವವರು ಗುಡ್ಡದ ಮೇಲಿನ ಬಿಳಿಯ ಪಾದ್ರಿಯೊಬ್ಬರಂತೆ. ಅವರನ್ನು ಆರಿಸಿದವರು ಯಾರು? ನಾವಲ್ಲ, ತಾವು. ಅರ್ಧ ದಿನ ನಡೆದು ಹೋಗಿ, ಅವರ ಅಡುಗೆಯವನನ್ನು ದುಭಾಷಿಯಾಗಿಟ್ಟುಕೊಂಡು ಅವರ ಮುಂದೆ ನಿಂತೆ.

"ಕಳೆದ ಸಭೆಯಲ್ಲೇ ನಿಮ್ಮ ಪರವಾಗಿ ಮಾತಾಡಿದೆನಲ್ಲಪ್ಪ," ಎಂದರು, ಪಾಪ, ಬಹಳ ಪ್ರೀತಿಯಿಂದ.

"ಏನಂತ ಮಾತಾಡಿದ್ರಿ?"

"ನೀವೆಲ್ಲ ಸಂತೋಷವಾಗಿ ಕಂದಾಯ ಕಟ್ತಿದ್ದೀರಿ ಅಂತ."

"ನಮ್ಮನ್ನ ಒಂದು ಮಾತು ಕೇಳಬಾರದಿತ್ತೇ?"

"ಕೇಳಬೇಕು ಅಂತಾನೇ ನಿಮ್ಮ ಭಾಷೆ ಕಲೀತಾ ಇದೀನಿ. ಒಂಬತ್ತು ವರ್ಷವಾಯ್ತು. ಕಷ್ಟ ಕಣಪ್ಪ."

ನಮ್ಮ ಭಾಷೆ ಬಾರದವರು ನಮ್ಮ ಬಾಯಾಗುವ ಪವಾಡ ತಮ್ಮ ಆಡಳಿತದಲ್ಲೇ ಸಾಧ್ಯ, ಸ್ವಾಮಿ! ಕಣಜಕ್ಕೂ ಗುಡಿಸಲಿಗೂ ವ್ಯತ್ಯಾಸ ಗೊತ್ತಿರುವ ಒಬ್ಬನೇ ಒಬ್ಬ ಆ ಸಭೆಯಲ್ಲಿದ್ದಿದ್ದರೆ ನನ್ನ ತಮ್ಮನ ಹಸು ಗೂಟದಲ್ಲೇ ಇರುತ್ತಿತ್ತು. ಕುರ್ಚಿ ಸಾಲದೆಂಬ ಚಿಂತೆ ಬೇಡ. ನಮ್ಮವನು ನಿಂತೇ ಮಾತಾಡುತ್ತಾನೆ; ತಮ್ಮ ಕಚೇರಿಯಲ್ಲಿ ನಿಂತು ನಿಂತು ನಮಗೆಲ್ಲ ಅಭ್ಯಾಸವಾಗಿದೆ.

ಇನ್ನು ಅತ್ತೆಯ ವಿಷಯ. ಬಾಣಂತನ ಮುಗಿಯಿತು. ಜೋಳ ಬಲಿತಿದೆ, ತುಂಬಲು ಕಣಜ ಬೇಕು. ಆದರೆ ಅತ್ತೆ ಇಳಿಯಲೊಲ್ಲರು. "ಈ ಮನೆಗೆ ಸರ್ಕಾರ ಒಂದು ಹಸು ಇಸ್ಕೊಂಡಿದೆ ಕಣೇ ಅವಿನೊ. ಈಗ ಇದು ನನ್ನ ಮನೆ. ಇಳೀ ಅನ್ನೋಕೆ ಇವರ್ಯಾರು? ಸಾಹೇಬನೇ ಬರಲಿ," ಎಂದು ಮುಚ್ಚಳ ಹಾಕಿಕೊಂಡಿದ್ದಾರೆ. ಅತ್ತೆಗೆ ಎದುರಾಡುವ ಹಕ್ಕು ಅಳಿಯನಿಗಿಲ್ಲ. ಪಾದ್ರಿಗಳಿಗೆ ಭಾಷೆ ಬಾರದು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಹಸುವನ್ನು ಹಿಂದಕ್ಕೆ ಕಳಿಸಿ, ಸಭೆಗೆ ನಮ್ಮವನೊಬ್ಬನನ್ನು ನಾವೇ ಆರಿಸಿ ಕಳಿಸಲು ಬಿಡಿ. ಅದಾಗದಿದ್ದರೆ ಸುಗ್ಗಿಯೊಳಗೆ ತಾವೇ ದಯಮಾಡಿಸಿ, ಅದು ಮನೆಯಲ್ಲವೆಂದು ಅತ್ತೆಯನ್ನು ತಾವೇ ಒಪ್ಪಿಸಿ. ಏಣಿಯನ್ನು ನಾನು ಹಿಡಿದುಕೊಂಡಿರುತ್ತೇನೆ.

ಇಂತಿ,
ಮೂರು ಗುಡಿಸಲಿನ, ನಾಲ್ಕು ಕಂದಾಯದ, ಸಭೆಯಲ್ಲಿ ಬಹಳ ಸಂತೋಷವಾಗಿರುವ
ಒಮೋಲೊ ಮಗೇರೊ