ಮೊದಲ ಹಂದಿ ಯಾರ ಮನೆಗೆ

ಅಪ್ಪ,

ನಿನ್ನನ್ನು ಮಣ್ಣು ಮಾಡಿ ಎರಡು ಚಳಿಗಾಲ ಕಳೆದವು. ಇವತ್ತು ಉರೆವೆರಾ ಕಾಡಿನಲ್ಲಿ ನನ್ನ ಮೊದಲ ಹಂದಿ ಹೊಡೆದೆ. ಕರೆದುಕೊಂಡು ಹೋದವನು, ನಮ್ಮನ್ನು ಬಿಟ್ಟು ಹೋಗಿ ನೀನು ಕಟ್ಟಿಕೊಂಡ ಇನ್ನೊಂದು ಮನೆಯ ಮಗ ಹೋಹೆಪಾ. ನಿನ್ನ ಚೂರಿ ಅವನ ಸೊಂಟದಲ್ಲಿತ್ತು. ನಿನ್ನ ನಾಯಿ ನನ್ನನ್ನು ಮೂಸಿಯೂ ನೋಡದೆ ಅವನ ಶಿಳ್ಳೆಗೆ ಓಡಿತು.

ಜರಿಗಿಡಗಳ ನಡುವೆ ನಾಯಿ ಹಂದಿಯ ಕಿವಿ ಕಚ್ಚಿ ಹಿಡಿದಾಗ ಅವನು ಚೂರಿಯನ್ನು ನನ್ನ ಕೈಗಿಟ್ಟ.

"ಮುಂಗಾಲಿನ ಹಿಂದೆ ಚುಚ್ಚಕ್ಕಾ. ಬೇಗ! ಅದಕ್ಕೆ ಜಾಸ್ತಿ ನೋವಾಗ್ಬಾರ್ದು ಅಂತಿದ್ದ ಅಪ್ಪ."

ಅಂತಿದ್ದೆಯಂತೆ! ನನಗೆ ನೀನು ಸೈಕಲ್ ತುಳಿಯುವುದನ್ನು ಕೂಡ ಹೇಳಿಕೊಡಲಿಲ್ಲ. ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಚುಚ್ಚಿದೆ.

ಹಂದಿಯ ಕಾಲು ಕಟ್ಟಿ, ಚೀಲದಂತೆ ನನ್ನ ಬೆನ್ನಿಗೇರಿಸುತ್ತಾ ಅವನು ನಕ್ಕ. "ಹೊಡೆದೋರೇ ಹೊರ್ಬೇಕು. ಆದ್ರೆ ಮೊದಲ್ನೇದನ್ನ ತಿನ್ನೋ ಹಾಗಿಲ್ಲ, ಪೂರ್ತಿ ಕೊಟ್ಬಿಡ್ಬೇಕು. ಯಾರಿಗೆ ಕೊಡ್ತೀಯ?"

"ನಿನ್ನ ಮೊದಲ್ನೇದನ್ನ ಯಾರಿಗೆ ಕೊಟ್ಟೆ? ನಿನ್ನಮ್ಮಂಗಾ?" ಎಂದು ಕುಟುಕಿದೆ.

"ನಿಮ್ಮನೆಗೆ. ಅಪ್ಪಾನೇ ಹೇಳಿದ್ದು. ನೀವೆಲ್ಲ ಚರ್ಚಿಗೆ ಹೋದಾಗ ಮೆಟ್ಟಿಲ ಮೇಲಿಟ್ಟು ಬಂದೆ. ಅಪ್ಪ ಗೇಟ್ ಹತ್ರಾನೇ ನಿಂತಿದ್ದ."

ನೆನಪಾಯಿತು. ಮಾವ ಕಳಿಸಿದ್ದೆಂದುಕೊಂಡು ಅಮ್ಮ ಅದನ್ನು ಸೊಪ್ಪಿನ ಜೊತೆ ಬೇಯಿಸಿದ್ದಳು. ನಾನು ಮತ್ತೆ ಮತ್ತೆ ಬಡಿಸಿಕೊಂಡಿದ್ದೆ.

ಇವತ್ತಿನ ಹಂದಿಯನ್ನು ಹೋಹೆಪಾನ ಅಮ್ಮನಿಗೇ ಕೊಟ್ಟೆ. ಮೆಟ್ಟಿಲ ಮೇಲಿಟ್ಟು ಓಡಿಬರಲಿಲ್ಲ. ಬಾಗಿಲು ತಟ್ಟಿ, ಅವಳ ಮುಖ ನೋಡಿ ಕೊಟ್ಟೆ.

ನಮ್ಮ ಮನೆಯ ಗೇಟಿನಿಂದ ಬಾಗಿಲು ಕೂಡ ಅಷ್ಟೇನೂ ದೂರವಿರಲಿಲ್ಲ, ಅಪ್ಪ.