ಬೆಟ್ಟದ ಜೇನು ಬಯಲಲ್ಲಿ

ಅಣ್ಣಾ,

ಬೆಟ್ಟದಿಂದ ನೀನು ಕಳಿಸಿದ ಜೇನುನೊಣಗಳು ಈ ಬಯಲಿನ ಬಿಸಿಲು ತಡೆಯಲಿಲ್ಲ. ನಿನ್ನೆ ಪೆಟ್ಟಿಗೆಗಳೊಳಗೆ ಮೇಣದ ಎರಿಗಳೇ ಕರಗಿ ಕಳಚಿಬಿದ್ದು ಜೇನುತುಪ್ಪ ಸೋರಿತು. ಆ ವಾಸನೆಗೆ ಇಲ್ಲಿನ ಜೇನುನೊಣಗಳು ನುಗ್ಗಿ ನಮ್ಮವನ್ನು ಕಡಿದುಹಾಕಿದವು. ಸತ್ತವನ್ನು ಪೊರಕೆಯಲ್ಲಿ ಗುಡಿಸಿದೆ.

"ನೆರಳಲ್ಲಿಡಿ ಅಂತ ಎಷ್ಟು ಬಡ್ಕೊಂಡೆ" ಎಂದೆ. "ನಿಮ್ಮಣ್ಣನ ಹುಳಾನೂ ನಿನ್ ಥರಾನೇ, ಮೂರು ಕಾಸಿಗೂ ಬಾಳಲ್ಲ" ಎಂದು ಇವರು ನೊಣಗಳಿಗೆ ಹೊಗೆ ಹಾಕಲು ಹಿಡಿದಿದ್ದ, ಉರಿಯುತ್ತಿದ್ದ ಹೊಗೆಡಬ್ಬಿಯಿಂದಲೇ ನನ್ನ ಕೆನ್ನೆಗೆ ಬಾರಿಸಿದರು. ನೊಣ ಉಳಿದಿದ್ದ ಒಂದೇ ಪೆಟ್ಟಿಗೆಯನ್ನು ಎತ್ತಿ ಅವರ ತಲೆಯ ಮೇಲೆ ಬೋರಲು ಹಾಕಿದೆ. ಜೀವಕ್ಕೇನೂ ಆಗಿಲ್ಲ, ಮುಖ ಕುಂಬಳಕಾಯಿಯಾಗಿದೆ. ಆಸ್ಪತ್ರೆಯಲ್ಲಿದ್ದಾರೆ.

ಕೂಡಲೇ ಬಾ, ಬರುವಾಗ ದೊಡ್ಡ ಗಾಡಿಯನ್ನೇ ತಾ. ಬೆಟ್ಟದಿಂದ ನೀನು ಇಲ್ಲಿಗೆ ಕಳಿಸಿದ್ದನ್ನೆಲ್ಲ ವಾಪಸು ಒಯ್ಯಬೇಕು. ನಾನು ಪೆಟ್ಟಿಗೆಗಳ ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ ತಂಗಿ