ಕರೆದರೂ ಏಳದ ಜೀವಕೋಶಗಳು

ಮಿಲುಟಿನ್ ಅಣ್ಣಾ,

ನನ್ನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯ ಫಲಿತಾಂಶ ಇವತ್ತು ಬಂತು. ಸೋತ ಹೃದಯ ಚೇತರಿಸಲೆಂದು ಆ ಮಜ್ಜೆಯನ್ನು ಅದಕ್ಕೇ ಚುಚ್ಚುವುದೆಂದಿತ್ತು, ಈಗ ಪ್ರಯೋಜನವಿಲ್ಲವಂತೆ.

"ಹೃದ್ರೋಗ ಇರೋರ ಮಜ್ಜೆನೂ ಸೋತಿರುತ್ತೆ ತಾತ. ಜೀವಕೋಶ ಬೇಕಾದಷ್ಟಿವೆ, ಹೃದಯ ಕರೆದ್ರೂ ಎದ್ದು ಹೋಗಲ್ಲ," ಎಂದರು ಡಾಕ್ಟರಮ್ಮ.

"ಕರೆಯೋದೇ ತಪ್ಪೇನೋ. ಮನೆದೇವರ ಹಬ್ಬಕ್ಕೆ ನಾವು ಯಾರನ್ನೂ ಕರೆಯಲ್ಲ, ನಮ್ಮೋರು ತಾವೇ ಬರ್ತಾರೆ," ಎಂದೆ.

"ಜೀವಕೋಶಕ್ಕೆ ನಮ್ಮ ಸರ್ಬಿಯಾದ ಪದ್ಧತಿ ಗೊತ್ತಿಲ್ವಲ್ಲ ತಾತ!" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್ಸಿನುದ್ದಕ್ಕೂ ನಾಡಿ ಹಿಡಿದೇ ಕೂತಿದ್ದೆ.

ನಾಳೆ ನಮ್ಮ ಮನೆದೇವರು ಸಂತ ನಿಕೋಲನ ಹಬ್ಬ. ಅಪ್ಪ ಹೋದಮೇಲೆ ನೀನು ಒಂದು ವರ್ಷವೂ ಬಂದಿಲ್ಲ. ಈ ಕಾಗದ ಯಾರ ಕೈಲಾದರೂ ಕಳಿಸಿದರೆ ಕರೆದಂತಾಗುತ್ತದೆ; ಕಳಿಸುವುದಿಲ್ಲ. ಹಬ್ಬದೂಟದ ಮೀನು ಮಾತ್ರ ದೊಡ್ಡದನ್ನೇ ತಂದಿದ್ದೇನೆ. ಒಬ್ಬನಿಂದ ಮುಗಿಯುವಂಥದ್ದಲ್ಲ.

ನಿನ್ನ ತಮ್ಮ,
ರಾಡಿಸಾವ್